ಬೇಡ ಎಂದ ಚೀಟಿಗಳು

ಕಾಲೇಜಿನ ಹುಡುಗರು ನನಗೆ ಇಟ್ಟಿರುವ ಅಡ್ಡಹೆಸರು ‘ಪಾಯಿಂಟ್ ಜೀರೋ ಫೈವ್ ಮೇಡಂ’. ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇಲ್ಲ, ಬೆನ್ನ ಹಿಂದೆ ಅನ್ನುತ್ತಾರೆ, ಅದೂ ನನಗೆ ಕೇಳಿಸುವಷ್ಟು ಗಟ್ಟಿಯಾಗಿ. ನಮ್ಮದು ಆಸ್ಪತ್ರೆಗೆ ಅಂಟಿಕೊಂಡ ವೈದ್ಯಕೀಯ ಕಾಲೇಜು. ಯಾವ ಡಾಕ್ಟರು ಯಾವ ಸಂಶೋಧನೆ ಮಾಡಿದರೂ ಕೊನೆಗೆ ಅಂಕಿಗಳ ಮೂಟೆ ಹೊತ್ತುಕೊಂಡು ನನ್ನ ಕೋಣೆಗೇ ಬರಬೇಕು. ಕೋಣೆ ಅಂದರೆ ಮೆಟ್ಟಿಲ ಕೆಳಗಿನ ಒಂದು ಗೂಡು. ಒಂದು ಕಂಪ್ಯೂಟರು, ಒಂದು ಫೋನು, ಕಾಲು ಅಲ್ಲಾಡುವ ಎರಡು ಕುರ್ಚಿ. ಬಂದವರೆಲ್ಲ ಕೇಳುವುದು ಒಂದೇ ಮಾತು: “ಮೇಡಂ, ಹೇಗಾದ್ರೂ ಮಾಡಿ ಸಿಗ್ನಿಫಿಕೆಂಟ್ ಬರಿಸಿಕೊಡಿ.” ಬರಿಸಿಕೊಡುವುದಕ್ಕೆ ನಾನೇನು ಜಾದೂ ಮಾಡುವವಳೇ? ಬೈದು ಕಳಿಸುತ್ತೇನೆ.

ಅಂಕಿಅಂಶದ ಸಾಫ್ಟ್‌ವೇರ್ ಅಂದರೆ ಹುಡುಗರಿಗೆ ದೇವರಿದ್ದ ಹಾಗೆ. ನಿಜ ಹೇಳಬೇಕೆಂದರೆ ಅದೊಂದು ಪೆದ್ದು. ಎರಡು ಗುಂಪು ಕೊಟ್ಟು, ಯಾವ ಕಾಲಂ ಹೋಲಿಸಬೇಕೆಂದು ತೋರಿಸಿ, ಟಿ-ಟೆಸ್ಟ್ ಒತ್ತಿದರೆ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬರುತ್ತದೆ. ಉತ್ತರದ ಕೊನೆಗೆ ‘ಪಿ’ ಅಂತ ಒಂದು ಸಂಖ್ಯೆ. ಎರಡು ಗುಂಪಿನ ನಡುವೆ ನಿಜವಾಗಿ ಏನೂ ವ್ಯತ್ಯಾಸ ಇಲ್ಲದಿದ್ದರೂ, ಬರೀ ಅದೃಷ್ಟದಿಂದ ಇಷ್ಟು ಅಂತರ ಕಾಣಿಸಿಕೊಳ್ಳುವುದು ಎಷ್ಟು ಅಪರೂಪ ಅಂತ ಅದು ಹೇಳುತ್ತದೆ. ಪಾಯಿಂಟ್ ಜೀರೋ ಫೈವ್‌ಗಿಂತ ಕಡಿಮೆ ಬಂದರೆ ವ್ಯತ್ಯಾಸ ‘ಸಿಗ್ನಿಫಿಕೆಂಟ್’, ಅಂದರೆ ಲೆಕ್ಕಕ್ಕೆ ಹಿಡಿಯುವಂಥದ್ದು ಅಂತ ಹುಡುಗರು ಕುಣಿಯುತ್ತಾರೆ, ಹೆಚ್ಚು ಬಂದರೆ ನನ್ನೆದುರು ಮುಖ ಸಣ್ಣದು ಮಾಡಿಕೊಂಡು ನಿಲ್ಲುತ್ತಾರೆ. ಆ ಅಂಕಿಗಳು ಎಲ್ಲಿಂದ ಬಂದವು, ಯಾರ ಕೈ ದಾಟಿ ಬಂದವು ಎಂಬುದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಅದನ್ನು ಕೇಳಿ ತಿಳಿದುಕೊಳ್ಳಬೇಕಾದವಳು ನಾನು.

ನನ್ನ ಅಕ್ಕ ಇದೇ ಆಸ್ಪತ್ರೆಯಲ್ಲಿ ನರ್ಸು. ಮೂರನೇ ಮಹಡಿಯಲ್ಲಿ, ತಿಂಗಳು ತುಂಬದೆ ಹುಟ್ಟಿದ ಕೂಸುಗಳ ವಾರ್ಡು. ಮೊದಲು ಅವಳು ಆಪರೇಷನ್ ವಿಭಾಗದಲ್ಲಿದ್ದಳು. ಅವಳ ಕೂಸು ಹೋದ ಮೇಲೆ ತಾನೇ ಕೇಳಿಕೊಂಡು ಇಲ್ಲಿಗೆ ಬಂದಳು. ಒಂದೇ ಮನೆಯಲ್ಲಿರುವ ನಾನು, ಭಾವ ಇಬ್ಬರೂ ಬೇಡ ಅಂದೆವು. “ದಿನಾ ಅದನ್ನೇ ನೋಡ್ತಾ ಹೇಗೆ ಇರ್ತೀಯೇ?” ಅಂತ ನಾನು ಜಗಳವಾಡಿದೆ. ಅವಳು ಬಂದೇ ಬಂದಳು.

ಅವಳ ಮಗ ಹುಟ್ಟಿದ್ದೂ ಇಲ್ಲೇ, ಎರಡು ತಿಂಗಳು ಮುಂಚೆ. ಅಕ್ಕನಿಗೆ ಹೊಟ್ಟೆ ಕೊಯ್ದಿದ್ದರು, ಮೇಲೆ ವಿಪರೀತ ಜ್ವರ, ಹಾಸಿಗೆಯಿಂದ ಏಳುವ ಹಾಗಿರಲಿಲ್ಲ. ಕೂಸು ಒಂದು ಮಹಡಿ ಕೆಳಗೆ, ಇದೇ ವಾರ್ಡಿನಲ್ಲಿ, ಗಾಜಿನ ಪೆಟ್ಟಿಗೆಯೊಳಗೆ. ಭಾವ ಹೊರಗಿನಿಂದ ನೋಡಿಬಂದು “ಚೆನ್ನಾಗಿದಾನೆ” ಅನ್ನುತ್ತಿದ್ದರು. ಅವರ ಮುಖ ನೋಡಿದರೆ ಯಾರಿಗೂ ನಂಬಿಕೆ ಬರುತ್ತಿರಲಿಲ್ಲ. ಅಕ್ಕ ಹಾಸಿಗೆ ಪಕ್ಕದ ಫೋನಿನಿಂದ ಆ ವಾರ್ಡಿನ ನರ್ಸಿಗೆ ಮತ್ತೆಮತ್ತೆ ಕೇಳಿದಳು: “ಒಂದು ಸಲ ಎದೆಗೆ ಹಾಕ್ಕೋಮ್ಮ. ನನಗೆ ಬರೋಕಾಗ್ತಿಲ್ಲ. ನೀನೇ ಎತ್ಕೋ.” ಆ ಕಡೆಯಿಂದ ಉತ್ತರವೂ ಒಂದೇ: “ಬೇಡ ಅಂತ ಹೇಳಿದಾರೆ ಸಿಸ್ಟರ್. ಪೆಟ್ಟಿಗೆಯಿಂದ ತೆಗೆಯೋ ಹಾಗಿಲ್ಲ.” ಅಕ್ಕನೂ ನರ್ಸೇ ತಾನೇ, ನಿಯಮ ಗೊತ್ತು, ಸುಮ್ಮನಾದಳು. ಒಂದು ವಾರ ತುಂಬುವ ಮೊದಲೇ ಕೂಸು ಹೋಯಿತು. ನಾನು ಚಿಕ್ಕಮ್ಮನಾಗಿದ್ದು ಅಷ್ಟೇ ದಿನ.

ಅಂದಿನಿಂದ ಅಕ್ಕನ ತಲೆಯಲ್ಲಿ ಒಂದೇ ಪ್ರಶ್ನೆ. ಯಾರಾದರೂ, ಯಾರಾದರೂ ಸರಿ, ಅವನನ್ನು ಎತ್ತಿಕೊಂಡಿದ್ದರೆ ಉಳಿಯುತ್ತಿದ್ದನೇ? ತಾನು ಸುಮ್ಮನಾಗದೆ ರಂಪ ಮಾಡಿದ್ದರೆ? ಪಾತ್ರೆ ತೊಳೆಯುತ್ತಾ ಕೇಳುತ್ತಾಳೆ, ಬಟ್ಟೆ ಮಡಚುತ್ತಾ ಕೇಳುತ್ತಾಳೆ. ಒಮ್ಮೊಮ್ಮೆ ನನಗೆ ತಲೆ ಕೆಟ್ಟು “ಬಿಡೇ ಅಕ್ಕ, ಸಾಕು ಮಾಡು” ಅಂತ ರೇಗಿದ್ದೂ ಉಂಟು.

ಹಾಗಿರುವಾಗ ಆ ವಾರ್ಡಿನ ಡಾಕ್ಟರಮ್ಮ ಒಂದು ಅಧ್ಯಯನಕ್ಕೆ ಕೈ ಹಾಕಿದರು. ತಾಯಿ ಎತ್ತಿಕೊಂಡರೆ ಒಳ್ಳೆಯದು ಅನ್ನುವುದರಲ್ಲಿ ಅವರಿಗೆ ತಕರಾರಿರಲಿಲ್ಲ. ತಾಯಿಗೆ ಬರಲಾಗದ ಕೂಸುಗಳ ಗತಿ ಏನು? ನರ್ಸೊಬ್ಬಳು ದಿನಕ್ಕೆ ಒಂದೆರಡು ಗಂಟೆ ಎದೆಗೆ ಒರಗಿಸಿಕೊಂಡು ಕೂತರೆ ಕೂಸಿಗೆ ಏನಾದರೂ ಉಪಯೋಗ ಇದೆಯೇ? ಎಲ್ಲ ಕೂಸುಗಳಿಗೂ ಸಾಲುವಷ್ಟು ಕೈಗಳು ವಾರ್ಡಿನಲ್ಲಿ ಇರಲಿಲ್ಲ. ಆದ್ದರಿಂದ ಚೀಟಿ ಎತ್ತುವುದೇ ನ್ಯಾಯ ಎಂದಾಯಿತು. ಅಂಟಿಸಿದ ಕವರುಗಳೊಳಗೆ ಚೀಟಿ, ಅರ್ಧದಲ್ಲಿ ‘ಎತ್ತಿಕೊಳ್ಳಿ’, ಅರ್ಧದಲ್ಲಿ ‘ಬೇಡ’. ಹೊಸ ಕೂಸು ಬಂದಾಗ ಆ ಪಾಳಿಯ ನರ್ಸು ಸಾಲಿನ ಮೇಲಿನ ಕವರು ಒಡೆಯಬೇಕು, ಅದು ಹೇಳಿದ ಹಾಗೆ ನಡೆಯಬೇಕು. ಅಧ್ಯಯನದಲ್ಲಿ ಉಪಯೋಗ ಕಂಡುಬಂದರೆ ಇನ್ನಷ್ಟು ನರ್ಸುಗಳನ್ನು ಕೊಡುತ್ತೇವೆ ಎಂದು ಆಡಳಿತದವರು ಒಪ್ಪಿದ್ದರು.

ಅಕ್ಕನ ಸಂಭ್ರಮ ನೋಡಬೇಕಿತ್ತು. ಯಾರು ರಜೆ ಹಾಕಿದರೂ ಅವರ ಪಾಳಿಗೆ ತಾನೇ ನಿಲ್ಲುತ್ತಿದ್ದಳು. “ಕೊನೆಗೆ ನಿನ್ನ ಕಂಪ್ಯೂಟರ್‌ಗೇ ತಾನೇ ಬರೋದು? ನೀನೇ ಹೇಳ್ತೀಯ ನನಗೆ,” ಅಂದಳು. ನನ್ನ ಕೆಲಸದ ಬಗ್ಗೆ ಅವಳು ಆಸೆಯಿಂದ ಮಾತಾಡಿದ್ದು ಅದೇ ಮೊದಲು.

ಒಂದೂವರೆ ವರ್ಷದ ಮೇಲೆ ಡೇಟಾ ಬಂತು. ನೂರರ ಹತ್ತಿರ ಕೂಸುಗಳು, ಹೆಸರಿಲ್ಲ, ಬರೀ ನಂಬರು. ಹುಟ್ಟಿದಾಗಿನ ತೂಕ, ಆಮೇಲೆ ಏರಿದ ತೂಕ, ಕವರು ಒಡೆದ ನರ್ಸಿನ ಕೋಡು ನಂಬರು, ಗುಂಪು. ಗುಂಪಿನ ಕಾಲಂನಲ್ಲಿ ಒಂದು, ಎರಡು ಅಂತ ಮಾತ್ರ ಇತ್ತು. ಯಾವುದು ಎತ್ತಿಕೊಂಡ ಗುಂಪು ಅಂತ, ಲೆಕ್ಕ ಒಂದು ಕಡೆಗೆ ವಾಲದಿರಲಿ ಎಂದು, ಡಾಕ್ಟರಮ್ಮ ಬೇಕೆಂದೇ ನನಗೆ ಹೇಳಿರಲಿಲ್ಲ. ಮೊದಲು ಎರಡು ಗುಂಪೂ ಶುರುವಿನಲ್ಲಿ ಒಂದೇ ಥರ ಇದ್ದವೇ ಅಂತ ನೋಡಬೇಕು, ಆಮೇಲೆ ಫಲಿತಾಂಶಕ್ಕೆ ಹೋಗಬೇಕು. ಈ ಮಾತನ್ನು ವರ್ಷಾನುಗಟ್ಟಲೆ ಹುಡುಗರ ತಲೆಗೆ ಕುಟ್ಟಿ ಕುಟ್ಟಿ ಹೇಳಿದವಳು ನಾನು. ಅವತ್ತು ನನಗೇ ತಡೆಯಲಾಗಲಿಲ್ಲ. ನೆಟ್ಟಗೆ ಏರಿದ ತೂಕವನ್ನು ಹಿಡಿದು ಟಿ-ಟೆಸ್ಟ್ ಒತ್ತಿದೆ.

ಒಂದನೇ ಗುಂಪಿನ ತೂಕ ಕಡಿಮೆ ಏರಿತ್ತು. ಪಿ ಪಾಯಿಂಟ್ ಜೀರೋ ತ್ರೀ. ಎರಡನೆಯದೇ ಎತ್ತಿಕೊಂಡ ಗುಂಪು ಅಂತ ನನಗೆ ನಾನೇ ತೀರ್ಮಾನಿಸಿಕೊಂಡು, ಖುಷಿಯಿಂದ ಡಾಕ್ಟರಮ್ಮನಿಗೆ ಫೋನು ಮಾಡಿದೆ. “ಮೇಡಂ, ಎತ್ಕೊಂಡಿದ್ದು ಒಂದನೇ ಗುಂಪು,” ಅಂದರು. “ಉಪಯೋಗ ಇಲ್ಲ ಅಂತಾಯ್ತು. ಒಂಚೂರು ಹಿಂದೇನೇ ಬಿದ್ದಿವೆ. ಇನ್ನು ನಿಲ್ಲಿಸ್ಬೇಕಾಗುತ್ತೆ.”

ಫೋನಿಟ್ಟ ಮೇಲೆ ನನಗೆ ಮೊದಲು ಬೇಜಾರಾಯಿತು. ಆಮೇಲೆ ನಿಧಾನವಾಗಿ ಇನ್ನೊಂದು ಯೋಚನೆ ಬಂತು. ಎತ್ತಿಕೊಂಡರೂ ಅಷ್ಟೇ, ಬಿಟ್ಟರೂ ಅಷ್ಟೇ ಅಂದಮೇಲೆ ಅಕ್ಕನ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ! ಅವಳು ಅಂದು ಸುಮ್ಮನಾದದ್ದರಿಂದ ಏನೂ ಆಗಿಲ್ಲ. ಫೋನಿನಲ್ಲಿ ಬೇಡ ಅಂದವಳಿಂದಲೂ ಏನೂ ಆಗಿಲ್ಲ. ಆ ಕೂಸಿನ ಆಯುಸ್ಸೇ ಅಷ್ಟಿತ್ತು.

ಸಂಜೆ ಮನೆಗೆ ಹೋದವಳೇ ಹೇಳಿಬಿಟ್ಟೆ. ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು.

“ಹಾಗಂದ್ರೆ?” ಅಂದಳು.

“ಹಾಗಂದ್ರೆ ಯಾರು ಎತ್ಕೊಂಡಿದ್ರೂ ಅವನು ಉಳೀತಿರ್ಲಿಲ್ಲ ಕಣೆ.”

“ನಿಜವಾಗ್ಲೂ?”

“ಯಂತ್ರ ಸುಳ್ಳು ಹೇಳುತ್ತಾ?”

ನನ್ನ ಬಾಯಿಂದಲೇ ಬಂದ ಮಾತು ಅದು. ಅಕ್ಕ ಕೈಯಲ್ಲಿದ್ದ ಟವೆಲಿಗೆ ಮುಖ ಒತ್ತಿಕೊಂಡು ಅತ್ತಳು. ಕೂಸು ಹೋದಾಗಲೂ ಅವಳು ಹಾಗೆ ಬಾಯಿಬಿಟ್ಟು ಅತ್ತಿರಲಿಲ್ಲ. “ಹಾಗಾದ್ರೆ ನಂದೇನೂ ತಪ್ಪಿಲ್ಲ ಅಲ್ವಾ? ಅವಳದ್ದೂ ತಪ್ಪಿಲ್ಲ ಅಲ್ವಾ?” ಅಂತ ಮತ್ತೆಮತ್ತೆ ಕೇಳಿದಳು, ನಾನು ಮತ್ತೆಮತ್ತೆ ಇಲ್ಲ ಅಂದೆ. ಆ ರಾತ್ರಿ ಎರಡು ಸಲ ಬಡಿಸಿಕೊಂಡು ಉಂಡಳು. ಬೆಳಿಗ್ಗೆ ಭಾವ ನನ್ನನ್ನು ಪಕ್ಕಕ್ಕೆ ಕರೆದು, “ನಿಮ್ಮಕ್ಕ ಗೊರಕೆ ಹೊಡೆದ್ಲು ಕಣಮ್ಮ,” ಅಂದರು. ಆ ಮನುಷ್ಯ ಅದನ್ನು ಹೇಳುವಾಗ ಕಣ್ಣಲ್ಲಿ ನೀರು.

ಒಂದು ವಾರ ನಮ್ಮ ಮನೆ ಬೇರೆ ಮನೆಯೇ ಆಗಿತ್ತು. ಅಕ್ಕ ಭಾವನ ಗೊಣಗಾಟವನ್ನು ಅಣಕಿಸಿ ನಗಿಸಿದಳು, ನನ್ನನ್ನು “ನಿನ್ನ ಮೂಗಿನ ತುದಿ ಕೋಪಕ್ಕೆ ಹೆದರಿಯೇ ಕಂಪ್ಯೂಟರ್ ಉತ್ತರ ಕೊಡುತ್ತೆ” ಅಂತ ರೇಗಿಸಿದಳು. ಎಷ್ಟು ವರ್ಷವಾಗಿತ್ತೋ ಆ ಧ್ವನಿ ಕೇಳಿ.

ಆಮೇಲೆ ಡಾಕ್ಟರಮ್ಮನ ವರದಿಗೆ ಮೊದಲ ಪಟ್ಟಿ ಬೇಕಾಯಿತು. ಶುರುವಿನಲ್ಲಿ ಎರಡು ಗುಂಪೂ ಸಮನಾಗಿದ್ದವು ಅಂತ ತೋರಿಸುವ ಪಟ್ಟಿ, ಎಲ್ಲ ವರದಿಯಲ್ಲೂ ಇರುವಂಥದ್ದು. ಹುಟ್ಟಿದಾಗಿನ ತೂಕದ ಮೇಲೆ ಟಿ-ಟೆಸ್ಟ್ ಒತ್ತಿದೆ. ಪಿ ಇರಬೇಕಾದ ಕಡೆ ಪಾಯಿಂಟ್ ಸೊನ್ನೆ ಸೊನ್ನೆ ಸೊನ್ನೆ. ಹುಡುಗರು ಅದನ್ನು ಹಾಗೇ ಬರೆದುಕೊಂಡು ಬಂದರೆ “ಸೊನ್ನೆ ಅನ್ನೋದು ಇರಲ್ಲ ಕಣ್ರೋ, ಅತೀ ಕಡಿಮೆ ಅಂತ ಬರೀರಿ” ಎಂದು ಕೂಗಾಡುವವಳು ನಾನು. ಅವತ್ತು ಕೂಗುವುದಕ್ಕೆ ಎದುರಿಗೆ ಯಾರೂ ಇರಲಿಲ್ಲ.

ಎತ್ತಿಕೊಂಡ ಗುಂಪಿನ ಕೂಸುಗಳು ಹುಟ್ಟುವಾಗಲೇ ತೀರಾ ಹಗುರ. ಬೇಡ ಎಂದ ಗುಂಪಿನವು ಗುಂಡುಗುಂಡಗೆ. ಚೀಟಿ ಎತ್ತಿದರೆ ಹಾಗೆ ಬರಲು ಸಾಧ್ಯವೇ ಇಲ್ಲ. ಚೀಟಿಗೆ ಕಣ್ಣಿಲ್ಲ, ಅದು ಹಗುರ ಭಾರ ನೋಡಿ ಬೀಳುವುದಿಲ್ಲ. ನೋಡಿ ಆರಿಸುವುದಕ್ಕೆ ಮನುಷ್ಯರೇ ಬೇಕು. ನರ್ಸಿನ ಕೋಡಿನ ಪ್ರಕಾರ ಡೇಟಾ ಒಡೆದು ಅದೇ ಪರೀಕ್ಷೆಯನ್ನು ಮತ್ತೆ ಮತ್ತೆ ಓಡಿಸಿದೆ. ಉಳಿದ ಎಲ್ಲ ಕೋಡುಗಳಲ್ಲಿ ತೂಕ ಸಮಸಮ. ಒಂದೇ ಒಂದು ಕೋಡಿನಲ್ಲಿ ಆ ಅಂತರವೆಲ್ಲ ಕೂತಿತ್ತು. ಆ ಕೋಡು ಯಾರದ್ದೆಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ನಮ್ಮನೆ ಹ್ಯಾಂಗರಿನಲ್ಲಿ ತೂಗುವ ಬಿಳಿ ಕೋಟಿನ ಜೇಬಿನ ಮೇಲೆ ದಿನಾ ನೋಡುವ ನಂಬರು.

ಎರಡೆರಡು ಮೆಟ್ಟಿಲು ಹಾರಿ ಮೂರನೇ ಮಹಡಿಗೆ ಹೋದೆ. ಬಾಯಿಗೆ ಬಂದ ಹಾಗೆ ಬೈಯಬೇಕು ಅಂತಲೇ ಹೋದವಳು. ಅಧ್ಯಯನ ಮುಗಿದಿದ್ದರೂ, ನಿಲ್ಲಿಸುವ ಆದೇಶ ಬರುವ ತನಕ ಅಂತ ಅಕ್ಕ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು, ಎದೆಯ ಮೇಲೆ ಹೊದಿಕೆ, ಹೊದಿಕೆಯ ಅಂಚಿನಲ್ಲಿ ಅಂಗೈಯಗಲದ ಒಂದು ಟೋಪಿ. ಗಟ್ಟಿಯಾಗಿ ಮಾತಾಡುವ ಹಾಗಿಲ್ಲ. ಜನ್ಮದಲ್ಲಿ ನಾನು ಪಿಸುಗುಟ್ಟಿಕೊಂಡು ಜಗಳವಾಡಿದ್ದು ಅದೊಂದೇ ಸಲ.

“ಚೀಟಿ ಬದಲಾಯಿಸಿದ್ಯಾ?”

ಅಕ್ಕ ನನ್ನ ಮುಖ ನೋಡಿದಳು. “ಹ್ಞೂಂ,” ಅಂದಳು.

“ಹ್ಞೂಂ ಅಂತೀಯಲ್ಲೇ! ಏನು ಮಾಡಿದೀಯ ಗೊತ್ತಾ ನಿನಗೆ?”

“ಮೆಲ್ಲಗೆ ಕಣೆ. ಈಗಷ್ಟೇ ಕಣ್ಣು ಮುಚ್ಚಿದೆ.” ಟೋಪಿ ಸರಿಮಾಡಿದಳು. “ಕವರ್ ಒಡೆದೆ, ಬೇಡ ಅಂತಿತ್ತು. ಕೂಸು ನೋಡಿದ್ರೆ ಅಳೋಕೂ ತ್ರಾಣ ಇಲ್ಲ. ಆ ಚೀಟಿ ಜೇಬಿಗೆ ಹಾಕ್ಕೊಂಡು ಮುಂದಿನ ಕವರ್ ಒಡೆದೆ. ಆಮೇಲೆ ಗುಂಡಗಿರೋದು ಒಂದು ಬಂದಾಗ ಜೇಬಿನ ಚೀಟಿ ಅದಕ್ಕೆ ಕೊಟ್ಟೆ. ಒಂದೂ ಬಿಸಾಕಿಲ್ಲ. ಆ ಕಡೆ ಅಷ್ಟು, ಈ ಕಡೆ ಅಷ್ಟು, ಲೆಕ್ಕ ಸರಿಯಾಗೇ ಇದೆ, ನೋಡ್ಕೋ ಬೇಕಾದ್ರೆ.”

ಲೆಕ್ಕ ಸರಿಯಾಗೇ ಇತ್ತು. ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ. ಚೀಟಿಗಳ ಸಂಖ್ಯೆ ಸರಿಹೋದರೆ ಸಾಕು ಅಂದುಕೊಂಡಿದ್ದಳು ಪಾಪ. ಎಲ್ಲ ಬಡಕಲು ಕೂಸುಗಳನ್ನೂ ಒಂದೇ ಕಡೆ ರಾಶಿ ಹಾಕಿ, ಗಟ್ಟಿಮುಟ್ಟಾದವುಗಳ ಜೊತೆ ಓಟಕ್ಕೆ ಬಿಟ್ಟಿದ್ದಳು. ಸೋತವು ಅಂತ ನಾವೆಲ್ಲ ತೀರ್ಮಾನ ಕೊಟ್ಟಿದ್ದೆವು.

“ಉತ್ತರ ಬೇಕು ಬೇಕು ಅಂತ ಜೀವ ಬಿಡ್ತಿದ್ದೋಳು ನೀನೇ ಅಲ್ವೇನೇ?”

“ಬೇಕಾಗಿತ್ತು.”

“ಮತ್ತೆ?”

“ನನಗೆ ಉತ್ತರ ಬೇಕು ಅಂತ ಅದನ್ನ ಹಾಗೇ ಬಿಟ್ಟುಬಿಡ್ಲಾ?” ಅಕ್ಕ ಕೇಳಿದಳು. ಅವಳಿಗೆ ಸಿಟ್ಟಿರಲಿಲ್ಲ, ನಿಜವಾಗಿ ಕೇಳುತ್ತಿದ್ದಳು. “ನೀನಾಗಿದ್ರೆ ಬಿಡ್ತಿದ್ಯಾ?”

ಅಷ್ಟರಲ್ಲಿ ಅವಳಿಗೆ ಹೊಳೆಯಿತು. ಹೊದಿಕೆಯ ಮೇಲೆ ಆಡುತ್ತಿದ್ದ ಕೈ ನಿಂತಿತು.

“ಹಾಗಾದ್ರೆ ಅವತ್ತು ನೀನು ಹೇಳಿದ್ದು?”

“ಅಕ್ಕ…”

“ಯಾರು ಎತ್ಕೊಂಡಿದ್ರೂ ಅವನು ಉಳೀತಿರ್ಲಿಲ್ಲ ಅಂದ್ಯಲ್ಲ. ಅದು ಸುಳ್ಳಾ?”

“ಸುಳ್ಳು ಅಂತಲ್ಲ. ಗೊತ್ತಿಲ್ಲ ಅಂತ ಅಷ್ಟೇ.”

ಕೊಟ್ಟ ನೆಮ್ಮದಿಯನ್ನು ಕಿತ್ತುಕೊಳ್ಳುವುದು ಎಂಥ ಪಾಪದ ಕೆಲಸ ಅಂತ ನನಗೆ ಅವತ್ತು ಗೊತ್ತಾಯಿತು. ಅಕ್ಕ ಅಳಲಿಲ್ಲ, ಅತ್ತರೆ ಎದೆ ಅಲ್ಲಾಡಿ ಕೂಸಿಗೆ ಎಚ್ಚರವಾಗುತ್ತಿತ್ತು. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. “ನಿನ್ನ ಸಾಫ್ಟ್‌ವೇರಲ್ಲಿ ಸರಿಮಾಡೋಕೆ ಬರಲ್ವಾ? ಏನಾದ್ರೂ ಇರುತ್ತಲ್ಲ,” ಅಂದಳು.

ಇತ್ತು. ಎರಡು ದಿನ ಬೇರೆ ಯಾವ ಕೆಲಸವನ್ನೂ ಮುಟ್ಟದೆ ಅದನ್ನೇ ಮಾಡಿದೆ. ಹುಟ್ಟಿದಾಗಿನ ತೂಕದ ಅಂತರವನ್ನು ಕಳೆದು ಹೋಲಿಸಿದೆ. ಒಂದು ರೀತಿ ಕಳೆದರೆ ಎತ್ತಿಕೊಂಡವರೇ ಮುಂದೆ ಅಂದಿತು, ಇನ್ನೊಂದು ರೀತಿ ಕಳೆದರೆ ಏನೂ ಇಲ್ಲ ಅಂದಿತು. ಕೇಳುವವರ ಮುಖ ನೋಡಿ ಮಾತಾಡುವ ಸಾಕ್ಷಿಯ ಹಾಗೆ. ಯಾಕೆಂದರೆ ಅಕ್ಕ ತೂಕ ಒಂದನ್ನೇ ನೋಡಿ ಆರಿಸಿರಲಿಲ್ಲ. ಅಳುವಿನಲ್ಲಿ, ಚರ್ಮದ ಬಣ್ಣದಲ್ಲಿ, ಬೆರಳು ಕೊಟ್ಟರೆ ಹಿಡಿಯುವುದರಲ್ಲಿ ಅವಳಿಗೆ ಏನೇನು ಕಾಣುತ್ತಿತ್ತೋ, ಅದಕ್ಕೆಲ್ಲ ಕಾಲಂ ಎಲ್ಲಿದೆ? ಅವಳ ಪಾಳಿ ಬಿಟ್ಟು ಉಳಿದ ನರ್ಸುಗಳ ಕೂಸುಗಳನ್ನು ಮಾತ್ರ ತೆಗೆದುಕೊಂಡೆ. ಎಲ್ಲರ ಪಾಳಿಯನ್ನೂ ಇವಳೇ ಮಾಡಿದ್ದಳಲ್ಲ, ಉಳಿದದ್ದು ಬೆರಳೆಣಿಕೆಯಷ್ಟು. ಅಷ್ಟರಿಂದ ಹೌದು ಅನ್ನುವುದಕ್ಕೂ ಆಗಲಿಲ್ಲ, ಇಲ್ಲ ಅನ್ನುವುದಕ್ಕೂ ಆಗಲಿಲ್ಲ.

ಮನೆಗೆ ಹೋಗಿ ಹೇಳಿದೆ. ಅಕ್ಕ ಕೊನೆಯ ಪ್ರಶ್ನೆ ಕೇಳಿದಳು: “ಎಲ್ಲಾ ಸರಿಯಾಗೇ ಮಾಡಿದ್ದಿದ್ರೆ ಅವನ ವಿಷ್ಯ ಗೊತ್ತಾಗ್ತಿತ್ತಾ?”

“ನೂರು ಕೂಸುಗಳ ವಿಷ್ಯ ಗೊತ್ತಾಗ್ತಿತ್ತು ಅಕ್ಕ. ಒಂದರ ವಿಷ್ಯ ಯಾವ ಟೆಸ್ಟಲ್ಲೂ ಗೊತ್ತಾಗಲ್ಲ.”

“ಇದನ್ನ ನೀನು ಮೊದಲೇ ಹೇಳ್ಬಹುದಿತ್ತು,” ಅಂದಳು. ನಿಜ. ಅವಳು ಅಷ್ಟು ಆಸೆಯಿಂದ ಕಾಯುತ್ತಿದ್ದಾಗ ಹೇಳಲು ನನಗೆ ಬಾಯಿ ಬರಲಿಲ್ಲ.

ಮಾರನೆಯ ದಿನ ಅಕ್ಕ ತಾನಾಗಿಯೇ ಡಾಕ್ಟರಮ್ಮನ ಬಳಿ ಹೋಗಿ ಎಲ್ಲ ಹೇಳಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಸಿಸ್ಟರ್, ಒಂದೂವರೆ ವರ್ಷ ನೀರಲ್ಲಿ ಹೋಯ್ತಲ್ಲ,” ಅಂದರು. ಅಕ್ಕನನ್ನು ಕೆಳಗಿನ ಮಹಡಿಯ ಇಂಜೆಕ್ಷನ್ ಕೊಠಡಿಗೆ ಹಾಕಿದರು, ಮೂರನೇ ಮಹಡಿಗೆ ಹೋಗುವ ಹಾಗಿಲ್ಲ. ಅಧ್ಯಯನ ಮತ್ತೆ ಮೊದಲಿನಿಂದ ಶುರು ಎಂದಾಯಿತು. ಈ ಸಲ ವಾರ್ಡಿನಲ್ಲಿ ಕವರೂ ಇಲ್ಲ, ಚೀಟಿಯೂ ಇಲ್ಲ. ಚೀಟಿಯ ಸಾಲನ್ನು ನನ್ನ ಕಂಪ್ಯೂಟರಿನಲ್ಲೇ ಹಾಕಿಸಿದರು, ಎರಡು ಗುಂಪಿನಲ್ಲೂ ತೂಕ ಸಮವಾಗಿರಲಿ ಅಂತ ಹಗುರದ ಕೂಸುಗಳಿಗೆ ಒಂದು ಸಾಲು, ಉಳಿದವಕ್ಕೆ ಒಂದು. ಹೊಸ ಕೂಸು ಬಂದರೆ ನರ್ಸು ಫೋನಿನಲ್ಲಿ ನನಗೆ ತೂಕ ಹೇಳಬೇಕು, ಪರದೆ ತೋರಿಸಿದ್ದನ್ನು ನಾನು ಹೇಳಬೇಕು. ಹೀಗೆ ಮಾಡಿದರೆ ಯಾರ ಕರುಳೂ ಅಡ್ಡ ಬರುವುದಿಲ್ಲ ಅಂತ ಈ ಏರ್ಪಾಡು ಸೂಚಿಸಿದವಳು ನಾನೇ.

ಶುರುವಾದ ಮೊದಲ ವಾರ. ಮಧ್ಯಾಹ್ನ ಊಟದ ಹೊತ್ತಿಗೆ ಅಕ್ಕ ಡಬ್ಬಿ ಹಿಡಿದುಕೊಂಡು ನನ್ನ ಗೂಡಿಗೆ ಬಂದಳು. ಕೆಳಗಿನ ಮಹಡಿಗೆ ಬಂದ ಮೇಲೆ ದಿನಾ ಬರುತ್ತಾಳೆ. ಎದುರಿಗೆ ಕೂತು ಉಂಡು ಹೋಗುತ್ತಾಳೆ. ಅವಳು ಕುರ್ಚಿಯ ಅಲ್ಲಾಡುವ ಕಾಲಿಗೆ ಕಾಗದ ಮಡಚಿ ಇಡುತ್ತಿದ್ದಾಗ ಫೋನು ಬಂತು.

“ಮೇಡಂ, ಹೊಸ ಕೂಸು. ತಾಯಿ ಮೇಲಿದ್ದಾರೆ, ಜ್ಞಾನ ಬಂದಿಲ್ಲ.” ನರ್ಸು ತೂಕ ಹೇಳಿದಳು. ಆ ಗೂಡಿನಲ್ಲಿ ಫೋನಿನ ಮಾತು ಎದುರಿಗಿದ್ದವರಿಗೂ ಅಲ್ಪಸ್ವಲ್ಪ ಕೇಳಿಸುತ್ತದೆ. ಅಕ್ಕ ತಲೆ ಎತ್ತಿದಳು. ನಾನು ತೂಕ ಒತ್ತಿದೆ. ಹಗುರದ ಸಾಲು. ಪರದೆಯ ಮೇಲೆ ಉತ್ತರ ಮೂಡಿತು.

ಅಕ್ಕ ಕೂತ ಕಡೆಯಿಂದ ಪರದೆ ಕಾಣಿಸುವುದಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಮೇಡಂ? ಇದೀರಾ? ಎತ್ಕೊಳ್ಳೋದಾ?” ಅಂತ ಫೋನಿನಲ್ಲಿ ಕೇಳಿದಳು ಆ ಹುಡುಗಿ. ಅವಳ ಧ್ವನಿಯಲ್ಲಿ ಆಸೆ ಇತ್ತು. ‘ಹೌದು’ ಅಂದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಅಂದುಬಿಡು, ಅಂದುಬಿಡು ಅನ್ನಿಸಿತು. ಅಕ್ಕನ ಜಾಗದಲ್ಲಿ ನಾನು ಕೂತು ನೋಡಿದ್ದು ಆವಾಗಲೇ.

“ಬೇಡ,” ಅಂದೆ.

“ಬೇಡ್ವಾ ಮೇಡಂ?”

“ಬೇಡ ಕಣಮ್ಮ. ಪೆಟ್ಟಿಗೇಲೇ ಇರ್ಲಿ.”

ಫೋನಿಟ್ಟೆ. ಹುಡುಗರ ಮುಂದೆ ಹಾರಾಡುವ ಪಾಯಿಂಟ್ ಜೀರೋ ಫೈವ್ ಮೇಡಂ ತಲೆ ತಗ್ಗಿಸಿಕೊಂಡು ಅಳುತ್ತಾ ಕೂತಳು. ಅಕ್ಕ ಬೈಯುತ್ತಾಳೆ, ಎದ್ದು ಹೋಗುತ್ತಾಳೆ, ಮೂರನೇ ಮಹಡಿಗೆ ಓಡುತ್ತಾಳೆ ಅಂದುಕೊಂಡೆ. ಅವಳು ಕೂತೇ ಇದ್ದಳು.

“ಅವತ್ತು ನನಗೆ ಬೇಡ ಅಂದ್ಲಲ್ಲ ಆ ನರ್ಸು,” ಅಂದಳು, “ಇಷ್ಟು ವರ್ಷ ಅವಳನ್ನ ಬೈಕೊಂಡೇ ಬಂದೆ. ಅವಳೂ ಫೋನಿಟ್ಟು ಹೀಗೇ ಕೂತಿದ್ಲೇನೋ.”

ಆಮೇಲೆ ತನ್ನ ಕುರ್ಚಿ ನನ್ನ ಪಕ್ಕಕ್ಕೆ ಎಳೆದುಕೊಂಡು, ನನ್ನ ಡಬ್ಬಿಯ ಮುಚ್ಚಳ ತೆಗೆದು ಮುಂದಕ್ಕೆ ಸರಿಸಿದಳು.

“ಊಟ ಮಾಡು,” ಅಂದಳು. “ಇನ್ನೂ ಫೋನ್ ಬರ್ತಾವೆ.”